ಎಣ್ಣೆ ಹೊಡೆಯುವ ಮೊದಲು ಕೇಳಬೇಕಾದ ಪ್ರಶ್ನೆ

ಬ್ಯಾಡಗಿ ಮಾರುಕಟ್ಟೆಗೆ ಬಂದ ಖರೀದಿದಾರರು ಮೊದಲು ನೋಡುವುದು ಮೆಣಸಿನಕಾಯಿಯ ಬಣ್ಣ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆಯುತ್ತಾರೆ, ಸಿಪ್ಪೆಯ ಸುಕ್ಕು ನೋಡುತ್ತಾರೆ, ತೇವ ಎಷ್ಟಿದೆಯೆಂದು ಬೆರಳಲ್ಲಿ ಮುರಿದು ನೋಡುತ್ತಾರೆ, ಡಬ್ಬಿಯೋ ಕಡ್ಡಿಯೋ ಎಂದು ತೀರ್ಮಾನಿಸಿ ದರ ಬರೆಯುತ್ತಾರೆ. ಹೊರದೇಶಕ್ಕೆ ಹೋಗುವ ಕಾಯಿಗೆ ಇದಿಷ್ಟೇ ಸಾಲದು. ಅದರಲ್ಲಿ ಉಳಿದಿರುವ ಕೀಟನಾಶಕದ ಅಂಶ ಎಷ್ಟೆಂದು ಪ್ರಯೋಗಾಲಯ ಹೇಳಬೇಕು. ಮಿತಿ ಮೀರಿದ್ದರೆ ಸರಕು ವಾಪಸು ಬರುತ್ತದೆ. ಎಲೆ ಮುಟುರು ರೋಗಕ್ಕೆ, ಥ್ರಿಪ್ಸ್ ನುಸಿಗೆ ಹೆದರಿ ವಾರಕ್ಕೊಮ್ಮೆ ಎಣ್ಣೆ ಹೊಡೆದ ರೈತನಿಗೂ ಈ ಲೆಕ್ಕ ಈಗ ಗೊತ್ತು. ಸಾವಿರಾರು ಮೈಲಿ ಆಚೆ ಕೂತು ಒಂದು ಚಮಚ ಖಾರದ ಪುಡಿ ತಿನ್ನುವವನಿಗೆ, ಅದು ತನ್ನ ತಟ್ಟೆಗೆ ಬೀಳುವ ಮುಂಚೆಯೇ ಪ್ರಶ್ನೆ ಕೇಳುವ ಹಕ್ಕು ಇದೆ. ಇರಬೇಕಾದದ್ದೇ.

ಆದರೆ ಸರ್ಕಾರವೇ ತನ್ನ ಒಡೆತನದ ಕಾಡಿನಲ್ಲಿ, ನೆಡುತೋಪಿನಲ್ಲಿ ವಿಷ ಸಿಂಪಡಿಸಲು ತೀರ್ಮಾನಿಸಿದಾಗ, ಅದರ ಅಂಚಿನಲ್ಲಿ ದನ ಮೇಯಿಸುವವರಿಗೆ, ಅಲ್ಲಿಂದ ಹರಿದು ಬರುವ ಹಳ್ಳದ ನೀರು ಕುಡಿಯುವವರಿಗೆ ಅದೇ ಹಕ್ಕು ಇದೆಯೇ? ಕಾಗದದ ಮೇಲೆ ಅಷ್ಟಿಷ್ಟು ಇದೆ. ವ್ಯವಹಾರದಲ್ಲಿ ಅದು ದೊರೆಯುವ ಹೊತ್ತಿಗೆ ಸಿಂಪಡಣೆ ಮುಗಿದಿರುತ್ತದೆ. ಸಾರ್ವಜನಿಕ ಭೂಮಿಯ ಬಗ್ಗೆ ಸರ್ಕಾರ ತೆಗೆದುಕೊಂಡ ತೀರ್ಮಾನವನ್ನು ಜನ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಎರಡು ದೊಡ್ಡ ಪ್ರಕರಣಗಳು ಕನ್ನಡಿಗರ ಕಣ್ಣೆದುರೇ ನಡೆದಿವೆ. ಒಂದು ಹಾವೇರಿ ಸೀಮೆಯದು, ಇನ್ನೊಂದು ಕರಾವಳಿಯದು. ಒಂದರಲ್ಲಿ ನ್ಯಾಯಾಲಯದ ಮಾತು ಸಕಾಲಕ್ಕೆ ಬಂತು. ಇನ್ನೊಂದರಲ್ಲಿ ಎರಡು ದಶಕ ತಡವಾಗಿ ಬಂತು. ಆ ಅಂತರದ ಬೆಲೆ ಎಷ್ಟೆಂದು ತಿಳಿಯಲು ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಹಾವೇರಿಯದು ಮೊದಲು. ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಶುರುವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ನೀಲಗಿರಿ ಮರದಿಂದ ತೆಗೆಯುವ ಕಾರ್ಖಾನೆ ಅದು. ಅದರ ಹಸಿವು ದೊಡ್ಡದಿತ್ತು. 1984ರಲ್ಲಿ ರಾಜ್ಯ ಸರ್ಕಾರ ಅರಣ್ಯ ಅಭಿವೃದ್ಧಿ ನಿಗಮದ ಮೂಲಕ ಈ ಕಂಪನಿಯ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿತು. ಶೇ 51ರಷ್ಟು ಪಾಲು ಸರ್ಕಾರದ್ದು, ಶೇ 49ರಷ್ಟು ಕಂಪನಿಯದು. ಸುಮಾರು 75,000 ಎಕರೆ ಸಿ ಮತ್ತು ಡಿ ವರ್ಗದ ಭೂಮಿಯನ್ನು ದೀರ್ಘಾವಧಿಗೆ ಇದಕ್ಕೆ ಬಿಟ್ಟುಕೊಡುವುದು ಯೋಜನೆ. ಕಡತದಲ್ಲಿ ಅದು ‘ಪಾಳು ಭೂಮಿ’. ಊರಿನ ಲೆಕ್ಕದಲ್ಲಿ ಗಾಯರಾಣ: ದನ-ಕುರಿ ಮೇಯುವ ಜಾಗ, ಒಲೆಗೆ ಕಟ್ಟಿಗೆ, ಮನೆಗೆ ಹುಲ್ಲು, ಮಕ್ಕಳಿಗೆ ಕವಳಿ ಹಣ್ಣು, ಬಾರಿಹಣ್ಣು ಕೊಡುವ ಜಾಗ. ನೀಲಗಿರಿಯ ಎಲೆಗೆ ದನ ಬಾಯಿ ಹಾಕುವುದಿಲ್ಲ.

ಇದನ್ನು ಪ್ರಶ್ನಿಸಿದವರು ಹಳ್ಳಿಯ ಜನ, ಅವರ ಜೊತೆ ನಿಂತದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅದರ ಮುಂದಾಳು ಎಸ್.ಆರ್. ಹಿರೇಮಠರು ಅಮೆರಿಕದಿಂದ ಮರಳಿ ಗ್ರಾಮಾಭಿವೃದ್ಧಿಯ ಕೆಲಸ ಶುರುಮಾಡಿದ್ದು ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ. ಕಾರ್ಖಾನೆಯ ಕೊಳೆ ನೀರಿನಿಂದ ತುಂಗಭದ್ರೆ ಕೆಟ್ಟಿದ್ದನ್ನು ಆ ಭಾಗದ ಜನ ಅಷ್ಟರಲ್ಲಾಗಲೇ ಕಂಡಿದ್ದರು. 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಎಂಬತ್ತು ದಾಟಿದ್ದ ಶಿವರಾಮ ಕಾರಂತರು ಅರ್ಜಿದಾರರಲ್ಲಿ ಒಬ್ಬರು. 1987ರ ಮಾರ್ಚ್ 24ರಂದು ನ್ಯಾಯಾಲಯ ಇನ್ನಷ್ಟು ಭೂಮಿಯನ್ನು ಸಂಸ್ಥೆಗೆ ವರ್ಗಾಯಿಸದಂತೆ ತಡೆ ನೀಡಿತು.

ಆ ತಡೆಯಾಜ್ಞೆ ಬರಿಯ ಮಧ್ಯಂತರ ಆದೇಶ. ನೀಲಗಿರಿ ಒಳ್ಳೆಯದೋ ಕೆಟ್ಟದ್ದೋ ಎಂದು ಅದು ತೀರ್ಪು ಕೊಡಲಿಲ್ಲ. ‘ವಿಚಾರಣೆ ಮುಗಿಯುವವರೆಗೆ ಕೈ ತಡೆಯಿರಿ’ ಎಂದಿತು, ಅಷ್ಟೇ. ಆ ಬಿಡುವಿನಲ್ಲೇ ಚಳವಳಿಗೆ ಉಸಿರು ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಹೆಣ್ಣುಮಕ್ಕಳು, ಗಂಡಸರು ಸಾಲಾಗಿ ಹೋಗಿ ನೀಲಗಿರಿ ಸಸಿಗಳನ್ನು ಬೇರುಸಹಿತ ಕಿತ್ತರು, ಅದೇ ಗುಂಡಿಗಳಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆಯ ಸುದ್ದಿ. 1988ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು: ಅರಣ್ಯ ಭೂಮಿಯನ್ನು ಸರ್ಕಾರದ್ದಲ್ಲದ ಸಂಸ್ಥೆಗೆ ಗುತ್ತಿಗೆ ಕೊಡಬೇಕಾದರೂ ಕೇಂದ್ರದ ಪೂರ್ವಾನುಮತಿ ಬೇಕೆಂದಾಯಿತು. 1991ರಲ್ಲಿ ಸರ್ಕಾರ ಜಂಟಿ ಸಂಸ್ಥೆಯನ್ನೇ ಮುಚ್ಚಿತು.

ಕುಸನೂರಿನ ವ್ಯಾಜ್ಯದ ನಡುವೆ ಇದ್ದದ್ದು ಮರ, ವಿಷವಲ್ಲ. ಆದರೂ ಅಲ್ಲಿ ಎದ್ದ ಪ್ರಶ್ನೆ ಕೀಟನಾಶಕಕ್ಕೂ ಹಾಗೆಯೇ ಅನ್ವಯಿಸುತ್ತದೆ. ಒಂದೇ ಜಾತಿಯ ಮರವನ್ನು ಸಾವಿರಾರು ಎಕರೆಯಲ್ಲಿ ನೆಟ್ಟಲ್ಲಿ ಕೀಟಕ್ಕೂ ಸುಗ್ಗಿ. ಹತ್ತಾರು ಜಾತಿಯ ಗಿಡವಿರುವ ಕುರುಚಲು ಕಾಡಿನಲ್ಲಿ ಯಾರೂ ಗೆದ್ದಲಿಗೆ ಪುಡಿ ಹಾಕುವುದಿಲ್ಲ, ಎಳೆಯ ನೀಲಗಿರಿಯ ಗುಂಡಿಗೆ ಹಾಕುತ್ತಾರೆ. ಮರದ ಆಯ್ಕೆಯ ಜೊತೆಗೇ ವಿಷದ ಆಯ್ಕೆಯೂ ಆಗಿಬಿಡುತ್ತದೆ ಎಂಬುದನ್ನು ಇನ್ನೊಂದು ಪ್ರಕರಣ ಎದ್ದು ಕಾಣುವಂತೆ ತೋರಿಸಿತು.

ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1978ರಲ್ಲಿ. ಅರಣ್ಯ ಇಲಾಖೆಯ ಕೂಸು, ಅದರ ತೋಟಗಳಿರುವುದು ಅರಣ್ಯ ಭೂಮಿಯಲ್ಲಿ. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳು. ಎರಡೂ ಸರ್ಕಾರಿ ಸಂಸ್ಥೆಗಳೇ. ಗೇರು ಚಿಗುರುವ, ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ರಸ ಹೀರಿ ಹೂಗೊಂಚಲನ್ನು ಕರಟಿಸುತ್ತದೆ. ಅದಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್. ಕಾಸರಗೋಡಿನಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇದು ನಡೆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗುಡ್ಡಗಳ ಮೇಲೂ ಹಾಗೆಯೇ ಹಾರಿತು.

ಸಿಂಪಡಿಸುವ ದಿನ ಬಾವಿ ಮುಚ್ಚಿಕೊಳ್ಳಿ ಎಂದು ಊರವರಿಗೆ ಹೇಳಲಾಗುತ್ತಿತ್ತು. ಆ ನೆಲ ಕಂಡವರಿಗೆ ಈ ಮಾತು ಎಷ್ಟು ಪೊಳ್ಳೆಂದು ತಕ್ಷಣ ತಿಳಿಯುತ್ತದೆ. ಅಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗದಿಂದ, ಇಲ್ಲವೇ ತೋಟದ ನಡುವೆ ಹರಿಯುವ ತೋಡಿನಿಂದ. ಗೇರು ಗುಡ್ಡದ ನೆತ್ತಿಯಲ್ಲಿದೆ, ಮನೆ ತಪ್ಪಲಿನಲ್ಲಿದೆ. ಮಳೆ ಮೇಲಿನದ್ದನ್ನೆಲ್ಲ ತೊಳೆದು ಕೆಳಗೆ ತರುತ್ತದೆ. ಹರಿಯುವ ನೀರಿಗೆ ಯಾವ ಮುಚ್ಚಳ ಹಾಕುವುದು? ಕಾಸರಗೋಡಿನ ಎಣ್ಮಕಜೆಯ ವಾಣಿನಗರದಲ್ಲಿದ್ದುಕೊಂಡು ಪತ್ರಕರ್ತ ಶ್ರೀಪಡ್ರೆಯವರು ಕರುಗಳ ಅಂಗವೈಕಲ್ಯದ ಬಗ್ಗೆ ಬಹಳ ಮುಂಚೆಯೇ ಬರೆದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ದಾಖಲಿಸಿದರು. ಕೇಳಿಸಿಕೊಳ್ಳಬೇಕಾದ ಕಚೇರಿಗಳು ವರ್ಷಗಟ್ಟಲೆ ಸುಮ್ಮನಿದ್ದವು.

ಕೋರ್ಟಿನ ಬಾಗಿಲು ತಟ್ಟಿದ್ದು ಕೃಷಿ ಇಲಾಖೆಯ ನೌಕರಿಯಲ್ಲೇ ಇದ್ದ ಲೀಲಾಕುಮಾರಿ ಅಮ್ಮ. 1998ರಲ್ಲಿ ಅವರು ಕಾಸರಗೋಡು ಸೀಮೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು, 2000ದಲ್ಲಿ ಅದು ಕಾಯಂ ಆಯಿತು. ದೇಶದ ನ್ಯಾಯಾಂಗದ ಮೆಟ್ಟಿಲುಗಳಲ್ಲಿ ತೀರ ಕೆಳಗಿನದು ಮುನ್ಸಿಫ್ ಕೋರ್ಟು. ಮಂಡಳಿಗಳು, ಸಮಿತಿಗಳು, ಸಚಿವಾಲಯಗಳು ಮಾಡದ ಕೆಲಸವನ್ನು ಅದು ಮಾಡಿತು. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಅದೂ 60 ದಿನಕ್ಕೆ ಮಾತ್ರ, ಏಕೆಂದರೆ 1968ರ ಕೀಟನಾಶಕ ಕಾಯ್ದೆಯ 27ನೇ ಸೆಕ್ಷನ್ ರಾಜ್ಯಕ್ಕೆ ಕೊಡುವ ಅಧಿಕಾರ ತಾತ್ಕಾಲಿಕವಾದದ್ದು. ಅದೇ ವರ್ಷ ಮೇ 13ರಂದು, ಯುವಜನ ಸಂಘಟನೆ ಡಿವೈಎಫ್‌ಐ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು, ಕೇರಳದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಪರಿಹಾರ ತಲುಪಿದ್ದು 8 ಜನರಿಗೆ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ, ಎಂಬುದು ಹೊರಬಿತ್ತು. ದಕ್ಷಿಣ ಕನ್ನಡದ ಕುಟುಂಬಗಳಿಗೆ ಮಾಸಾಶನ, ಪಾಲನಾ ಕೇಂದ್ರ ದೊರೆಯಲು ಕರ್ನಾಟಕ ಹೈಕೋರ್ಟ್ ಮತ್ತೆ ಮತ್ತೆ ಸರ್ಕಾರವನ್ನು ಕೇಳಬೇಕಾಯಿತು.

ಈಗ ಎರಡನ್ನೂ ಅಕ್ಕಪಕ್ಕ ಇಡಬಹುದು. ಹಾವೇರಿ ಸೀಮೆಯಲ್ಲಿ ಒಂದು ಮಧ್ಯಂತರ ತಡೆ ಸಿಕ್ಕಿತು, ಭೂಮಿ ಕೈಬಿಡಲಿಲ್ಲ, ಯಾರಿಗೂ ಪರಿಹಾರ ಹಂಚುವ ಪ್ರಮೇಯ ಬರಲಿಲ್ಲ. ಕರಾವಳಿಯಲ್ಲಿ ಎರಡು ದಶಕ ಯಾವ ತಡೆಯೂ ಸಿಗಲಿಲ್ಲ. ಆಮೇಲೆ ಬಂದ ಆದೇಶಗಳು ಎಷ್ಟೇ ದೊಡ್ಡ ಪೀಠದ್ದಾಗಿರಲಿ, ಆ ಮಕ್ಕಳ ಕೈಕಾಲಿಗೆ ಬಲ ತರಲಾರವು. ಹಾಗಾಗಿ ಸಾರ್ವಜನಿಕ ಭೂಮಿಯ ಮೇಲಿನ ವಿಷದ ವಿಚಾರದಲ್ಲಿ ಕಾನೂನಿನ ಇಡೀ ಬಲ ಸಿಂಪಡಣೆಗೆ ಮೊದಲಿನ ಘಟ್ಟದಲ್ಲಿ ಇರಬೇಕು. ನಮ್ಮ ಕಾನೂನು ಸೊರಗಿರುವುದು ಸರಿಯಾಗಿ ಅಲ್ಲಿಯೇ.

ಎಷ್ಟು ಸೊರಗಿದೆ ನೋಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕೀಟನಾಶಕ ತಯಾರಿಸುವ ಕಾರ್ಖಾನೆಗೆ ಪರಿಸರ ಅನುಮತಿ ಬೇಕು, ಅದೇ ಕೀಟನಾಶಕವನ್ನು ಸಾವಿರ ಹೆಕ್ಟೇರ್ ನೆಡುತೋಪಿನ ಮೇಲೆ ಸುರಿಯುವುದು ಆ ಪಟ್ಟಿಯಲ್ಲೇ ಇಲ್ಲ. 2010ರಲ್ಲಿ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಏಳು ಕಾಯ್ದೆಗಳ ಕೆಳಗಿನ ವ್ಯಾಜ್ಯ ಕೇಳುತ್ತದೆ. ಆ ಏಳರಲ್ಲಿ ಕೀಟನಾಶಕ ಕಾಯ್ದೆ ಇಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇಲ್ಲ. ಅರ್ಜಿದಾರ ಪರಿಸರ ಸಂರಕ್ಷಣಾ ಕಾಯ್ದೆಯ ಬಾಗಿಲಿನಿಂದಲೋ ಅರಣ್ಯ ಕಾಯ್ದೆಯ ಬಾಗಿಲಿನಿಂದಲೋ ಸುತ್ತಿ ಬರಬೇಕು. ವೈಮಾನಿಕ ಸಿಂಪಡಣೆಗೆ 24 ಗಂಟೆ ಮುಂಚೆ ಸಾರ್ವಜನಿಕರಿಗೆ ತಿಳಿಸಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಬಾವಿ ಮುಚ್ಚಲು, ದನ ಕಟ್ಟಿಹಾಕಲು 24 ಗಂಟೆ ಸಾಕಾಗಬಹುದು. ಆಕ್ಷೇಪಣೆ ಬರೆದು ವಕೀಲರನ್ನು ಹಿಡಿದು ಧಾರವಾಡದ ಹೈಕೋರ್ಟ್ ಪೀಠ ತಲುಪಲು ಸಾಲದು.

ಒಂದು ಕಡೆ ಮಾತ್ರ ಕಾನೂನು ಗಟ್ಟಿಯಾಗಿದೆ, ಅದರ ಉದಾಹರಣೆ ಹಾವೇರಿ ಜಿಲ್ಲೆಯಲ್ಲೇ ಇದೆ. ವನ್ಯಜೀವಿ ಕಾಯ್ದೆಯ 32ನೇ ಸೆಕ್ಷನ್ ಅಭಯಾರಣ್ಯದೊಳಗೆ ವನ್ಯಜೀವಿಗೆ ಅಪಾಯ ತರುವ ರಾಸಾಯನಿಕ ಬಳಕೆಯನ್ನು ನೇರವಾಗಿ ನಿಷೇಧಿಸುತ್ತದೆ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಕ್ಕೆ ಈ ರಕ್ಷೆ ಇದೆ. ಹುಲ್ಲುಬಯಲಿನ ಪ್ರಾಣಿಯಾದ ಕೃಷ್ಣಮೃಗಕ್ಕೆಂದು ಮೀಸಲಾದ ಈ ನೆಲದ ಬಹುಭಾಗದಲ್ಲಿ ಇಲಾಖೆಯೇ ಹಿಂದೆ ನೆಟ್ಟ ನೀಲಗಿರಿ ನಿಂತಿದೆ. ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇಲ್ಲಿ ಕಾಣುತ್ತಿತ್ತು. ಕೃಷ್ಣಮೃಗ ಗಡಿ ಓದಿಕೊಂಡು ಮೇಯುವುದಿಲ್ಲ. ಕತ್ತಲಾದರೆ ಅಂಚಿನ ಗೋವಿನಜೋಳದ ಹೊಲಕ್ಕೆ ನುಗ್ಗುತ್ತದೆ. ಒಳಗಿನ ನೆಲಕ್ಕೆ 32ನೇ ಸೆಕ್ಷನ್, ಹೊರಗಿನ ಮೀಸಲು ಅರಣ್ಯಕ್ಕೆ, ಸಿ ಮತ್ತು ಡಿ ಭೂಮಿಗೆ, ನಿಗಮದ ನೆಡುತೋಪಿಗೆ ಅಷ್ಟು ನೇರವಾದ ನಿಷೇಧವಿಲ್ಲ. ಜಿಂಕೆಗೆ ಸಿಕ್ಕ ಕಾನೂನು ಜನಕ್ಕೆ, ಜನರ ದನಕ್ಕೆ ಸಿಕ್ಕಿಲ್ಲ ಎನ್ನುವುದು ಅತಿಶಯೋಕ್ತಿಯೇನಲ್ಲ.

‘ನೋಂದಣಿಯಾದ ಔಷಧಿಯನ್ನೇ ಬಳಸಿದ್ದೇವೆ, ಇನ್ನೇನು ಬೇಕು?’ ಇಲಾಖೆಗಳ ಸಿದ್ಧ ಉತ್ತರ ಇದು. ಎಂಡೋಸಲ್ಫಾನ್ ಕೂಡ ನೋಂದಣಿಯಾಗಿತ್ತು. ಈ ಉತ್ತರವನ್ನು ಅಮೆರಿಕದ ನ್ಯಾಯಾಲಯಗಳು ಬಹಳ ಹಿಂದೆಯೇ ತಳ್ಳಿಹಾಕಿವೆ. ಒರೆಗಾನ್ ರಾಜ್ಯದ ಸಿಯುಸ್ಲಾ ರಾಷ್ಟ್ರೀಯ ಅರಣ್ಯದಲ್ಲಿ ಸರ್ಕಾರ 2,4,5-ಟಿ ಎಂಬ ಕಳೆನಾಶಕ ಸಿಂಪಡಿಸುತ್ತಿತ್ತು. ಸ್ಥಳೀಯರು ಮೊಕದ್ದಮೆ ಹೂಡಿದಾಗ, ಅರಣ್ಯ ಸೇವೆಯ ಪರಿಸರ ವರದಿ ಅಸಮರ್ಪಕ ಎಂದು 1977ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಕಾಡಿನಂಚಿನ ಆಲ್ಸಿಯಾ ಪ್ರದೇಶದ ಮಹಿಳೆಯರ ಗರ್ಭಪಾತಗಳ ಅಧ್ಯಯನವನ್ನು ಮುಂದಿಟ್ಟುಕೊಂಡು 1979ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕಾಡಿನಲ್ಲಿ ಅದರ ಬಳಕೆಯನ್ನು ತುರ್ತಾಗಿ ನಿಲ್ಲಿಸಿತು. 1983ರಲ್ಲಿ ಇನ್ನೊಂದು ಒರೆಗಾನ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೂ ಮುಂದೆ ಹೋಯಿತು: ಬೇರೆ ಸಂಸ್ಥೆ ನೋಂದಣಿ ಮಾಡಿದೆ ಎಂದು ಕೈತೊಳೆದುಕೊಳ್ಳುವಂತಿಲ್ಲ, ಭೂಮಿಯ ಹೊಣೆ ಹೊತ್ತ ಇಲಾಖೆ ಆ ಜಾಗದಲ್ಲಿ ಆಗಬಹುದಾದ ಕೆಟ್ಟದರಲ್ಲಿ ಕೆಟ್ಟದ್ದನ್ನು ತಾನೇ ಅಳೆಯಬೇಕು. ಸುರಂಗದ ನೀರು ಕುಡಿಯುವ ಗುಡ್ಡಕ್ಕೂ ಕೊಳವೆಬಾವಿಯ ಬಯಲಿಗೂ ಅಪಾಯ ಒಂದೇ ಅಲ್ಲ ಎಂಬ ಸಾಮಾನ್ಯ ತಿಳಿವಳಿಕೆಗೆ ಆ ತೀರ್ಪಿನಲ್ಲಿ ಕಾನೂನಿನ ಬಲ ಸಿಕ್ಕಿತು.

ನೋಂದಣಿಯ ಮೇಲೆಯೇ ಭರವಸೆ ಇಡಲು ನಮ್ಮಲ್ಲಿ ಇನ್ನೂ ಕಾರಣ ಕಡಿಮೆ. ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. 2023ರಲ್ಲಿ ಆ ಪಟ್ಟಿ ಮೂರಕ್ಕೆ ಕುಗ್ಗಿದಾಗ, ಏಕೆ ಹೀಗಾಯಿತೆಂದು ಸುಪ್ರೀಂ ಕೋರ್ಟೇ ಸರ್ಕಾರವನ್ನು ಕೇಳಬೇಕಾಯಿತು.

ಈ ವಾದಕ್ಕೆ ಗಂಭೀರವಾದ ಆಕ್ಷೇಪಣೆಗಳಿವೆ, ಅವನ್ನು ಬದಿಗೆ ಸರಿಸಬಾರದು. ನ್ಯಾಯಾಧೀಶರು ಕೀಟತಜ್ಞರಲ್ಲ, ಅವರು ತಡೆ ಕೊಟ್ಟು ಕೂತರೆ ಅಷ್ಟರಲ್ಲಿ ಕೀಟ ಕಾಡನ್ನೇ ಮುಗಿಸಬಹುದು ಎಂಬುದು ಒಂದು. ಕಾಸರಗೋಡಿನ ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಪೂರ್ತಿ ಸಾಬೀತಾಗಿಲ್ಲ ಎನ್ನುವ ವಿಜ್ಞಾನಿಗಳಿದ್ದಾರೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಕೀಟದ ಸ್ವಭಾವದಲ್ಲೇ ಇದೆ. ಟೀ ಸೊಳ್ಳೆ ಅನಿರೀಕ್ಷಿತ ದಾಳಿಯಲ್ಲ, ಪ್ರತಿವರ್ಷ ಹೂ ಬಿಡುವಾಗ ಬರುವಂಥದ್ದು. ಸಿಂಪಡಣೆ ನಡೆದದ್ದು ಪಂಚಾಂಗದ ಪ್ರಕಾರ. ಆರು ತಿಂಗಳು ಮುಂಚೆ ತಿಳಿಸಲು ಏನೂ ಅಡ್ಡಿಯಿರಲಿಲ್ಲ. ನಿಜವಾದ ತುರ್ತು ಹೇಗಿರುತ್ತದೆ ಎಂಬುದನ್ನು ಹಾನಗಲ್ಲಿಗೆ ತಾಗಿಕೊಂಡಿರುವ ಸೊರಬದಲ್ಲಿ ನೋಡಬಹುದು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. ಮಂಗ ಸತ್ತು ಬಿದ್ದ ಜಾಗದ ಸುತ್ತ ಮೆಲಾಥಿಯನ್ ಪುಡಿ ಎರಚುತ್ತಾರೆ. ಅದನ್ನು ಯಾರೂ ನ್ಯಾಯಾಲಯಕ್ಕೆ ಎಳೆಯಬೇಕಿಲ್ಲ: ಯಾಕೆ, ಎಲ್ಲಿ, ಎಷ್ಟು ಜಾಗದಲ್ಲಿ ಎಂಬುದು ಸ್ಪಷ್ಟ, ಉಳಿಯುವುದು ಜನರ ಜೀವ. ಕಾಡಿನಲ್ಲಿ ವಿಷವೇ ಕೂಡದು ಎಂಬ ಹಟ ಇಲ್ಲಿಲ್ಲ. ಇನ್ನು ವಿಷವಿಲ್ಲದ ದಾರಿಯನ್ನು ಹುಡುಕಿದವರೂ ಇದ್ದಾರೆ. ಸಾಗುವಾನಿಯ ಎಲೆ ತಿನ್ನುವ ಹುಳುವಿಗೆ ಅದರದೇ ವೈರಾಣುವನ್ನು ಬಳಸುವ ವಿಧಾನವನ್ನು ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಿಲಂಬೂರಿನ ತೋಪುಗಳಲ್ಲಿ ಬೆಳೆಸಿತು.

ಎರಡನೆಯ ಆಕ್ಷೇಪಣೆ ವಾಸ್ತವದಲ್ಲಿ ಈ ವಾದವನ್ನೇ ಗಟ್ಟಿ ಮಾಡುತ್ತದೆ. ಖಚಿತವಾದ ಸಾಕ್ಷ್ಯ ಸಿಗುವುದು ಕಷ್ಟ ಎಂಬುದಕ್ಕಾಗಿಯೇ 1996ರ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನು ಈ ದೇಶದ ಕಾನೂನಿನ ಭಾಗ ಎಂದದ್ದು, ಅಪಾಯವಿಲ್ಲವೆಂದು ತೋರಿಸುವ ಭಾರವನ್ನು ಕೆಲಸ ಮಾಡಹೊರಟವನ ಮೇಲೆ ಹಾಕಿದ್ದು. ಎಷ್ಟು ಸಿಂಪಡಿಸಲಾಯಿತು, ಎಂದು, ಯಾವ ಗಾಳಿಯಲ್ಲಿ ಎಂಬ ದಾಖಲೆ ಇರುವುದು ಸಿಂಪಡಿಸಿದವರ ಕಪಾಟಿನಲ್ಲಿ. ಕೊಕ್ಕಡದ ತಾಯಿ ಮಗುವನ್ನು ಎತ್ತಿಕೊಂಡು ಬಂದು ಕಾರಣ-ಪರಿಣಾಮ ಸಾಬೀತು ಮಾಡಬೇಕು ಎನ್ನುವುದು ವಿಜ್ಞಾನಕ್ಕೂ ಮಾಡುವ ಅನ್ಯಾಯ.

ಹಾಗಾದರೆ ಆಗಬೇಕಾದದ್ದು ಏನು? ಸಂಸತ್ತು ಕೀಟನಾಶಕ ಕಾಯ್ದೆ ಬದಲಿಸುವವರೆಗೆ ಕಾಯುವ ಅಗತ್ಯವೇ ಇಲ್ಲ. ರಾಜ್ಯಕ್ಕೆ ನಿಷೇಧ ಹೇರಲು 60 ದಿನದ ಅಧಿಕಾರ ಮಾತ್ರ ಇರಬಹುದು, ಆದರೆ ಅದು ಬೇರೆಯವರ ಬಳಕೆಯನ್ನು ತಡೆಯುವ ಮಾತು. ತನ್ನ ಸ್ವಂತ ಭೂಮಿಯಲ್ಲಿ ತಾನು ಏನು ಸಿಂಪಡಿಸಬಾರದು ಎಂದು ನಿರ್ಧರಿಸಲು ಭೂಮಿಯ ಒಡೆಯನಾದ ಸರ್ಕಾರಕ್ಕೆ ಯಾರ ಅಪ್ಪಣೆಯೂ ಬೇಡ. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು ಇಂಥ ತೀರ್ಮಾನ ಸಾಧ್ಯ ಎಂಬುದಕ್ಕೆ ನಿದರ್ಶನ. ಪ್ರತಿ ಅರಣ್ಯ ವಿಭಾಗವೂ ಹತ್ತು ವರ್ಷಕ್ಕೊಮ್ಮೆ ಕಾರ್ಯ ಯೋಜನೆ ಬರೆಯುತ್ತದೆ, ಹಾವೇರಿ ವಿಭಾಗವೂ ಬರೆಯುತ್ತದೆ. ನರ್ಸರಿಗೆ, ನೆಡುತೋಪಿಗೆ ಯಾವ ರಾಸಾಯನಿಕ, ಎಷ್ಟು, ಯಾವ ಸರ್ವೆ ನಂಬರಿನಲ್ಲಿ, ಹತ್ತಿರದ ಕೆರೆ-ಹಳ್ಳ ಎಷ್ಟು ದೂರ, ಬೇರೆ ದಾರಿ ಏಕಿಲ್ಲ ಎಂಬುದು ಅದರಲ್ಲಿ ಕನ್ನಡದಲ್ಲಿ ಬರಲಿ. ಅದು ಆಯಾ ಗ್ರಾಮಸಭೆಯ ಮುಂದೆ ಹೋಗಲಿ, ಸಿಂಪಡಣೆಗೆ ಕನಿಷ್ಠ 90 ದಿನ ಮುಂಚೆ ಹೋಗಲಿ. ಆಕ್ಷೇಪಣೆ ಬಂದರೆ ಲಿಖಿತ ಉತ್ತರ ಸಿಗುವವರೆಗೆ ಪಂಪು ಶುರುವಾಗದಿರಲಿ. ಅರ್ಜಿದಾರ ಧಾರವಾಡಕ್ಕೆ ಹೋಗಲೇಬೇಕಾಗಿ ಬಂದರೆ ಅವನ ಕೈಯಲ್ಲಿ ಆ ಉತ್ತರದ ಪ್ರತಿ ಇರುತ್ತದೆ, ನ್ಯಾಯಾಧೀಶರ ಮುಂದೆ ಪರಿಶೀಲಿಸಲು ಒಂದು ದಾಖಲೆ ಇರುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅರಣ್ಯ ಇಲಾಖೆಯ ಒಂದು ಆದೇಶ ಸಾಕು.